ಇಪ್ಪತ್ಮೂರು ವರ್ಷದ ಮೇಲೆ ಮತ್ತೆ ಷಡ್ಜ ಹಚ್ಚುವುದು

ಪ್ರಶ್ನೆ: ನನಗೆ 45 ವರ್ಷ, ಊರು ರಾಯಚೂರು. 22ನೇ ವಯಸ್ಸಿನವರೆಗೆ ಹಿಂದುಸ್ತಾನಿ ಗಾಯನ ಕಲಿತು ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಬ್ಯಾಂಕಿನ ನೌಕರಿ ಸಿಕ್ಕಿತು, ಊರಿಂದೂರಿಗೆ ವರ್ಗವಾಯಿತು, ಹಾಡು ನಿಂತಿತು. ಕೇಳುವುದು ಮಾತ್ರ ನಿಲ್ಲಲಿಲ್ಲ. ಎರಡು ವರ್ಷದ ಹಿಂದೆ ಆ ನೌಕರಿ ಬಿಟ್ಟು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಈಗ ಸಂಜೆಯ ಹೊತ್ತು ನನ್ನದೇ ಆಗಿದೆ. ಆದರೆ ಹಿಂದೆ ಕರಿ ಐದರಲ್ಲಿ (ಹಾರ್ಮೋನಿಯಂನ ಐದನೆಯ ಕರಿ ಮನೆಯ ಶ್ರುತಿಯಲ್ಲಿ) ಹಾಡುತ್ತಿದ್ದವಳಿಗೆ ಇಂದು ತಾರ ಷಡ್ಜ, ಅಂದರೆ ಮೇಲಿನ ಸಾ, ಒಡೆಯುತ್ತದೆ, ಹತ್ತು ನಿಮಿಷಕ್ಕೆ ಬೇಸರವಾಗಿ ಎದ್ದುಬಿಡುತ್ತೇನೆ. ಗುರುಗಳು ತೀರಿಕೊಂಡಿದ್ದಾರೆ. ಸೀನಿಯರ್‌ನ ಮುಂದಿನ ಹಂತವಾದ ವಿದ್ವತ್ ಪರೀಕ್ಷೆಗೆ ಕಟ್ಟಿದರೆ ಶಿಸ್ತು ಬಂದೀತೇ? ಅಟ್ಟದ ಮೇಲಿನ ತಂಬೂರಿಯನ್ನು ದುರಸ್ತಿ ಮಾಡಿಸಬೇಕೇ, ಮೊಬೈಲಿನ ತಂಬೂರಿಯೇ ಸಾಕೇ?

ಉತ್ತರ: ಹತ್ತು ನಿಮಿಷಕ್ಕೆ ಎದ್ದುಬಿಡುತ್ತೇನೆ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ತೊಂದರೆಗಳ ಬೇರು ಅಲ್ಲಿದೆ. ಹಾಡುವುದು ನಿಂತಿದ್ದರೂ ಕೇಳುವುದು ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ಇಪ್ಪತ್ಮೂರು ವರ್ಷ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ರಾತ್ರಿ ಮಲಗುವ ಮುನ್ನ ದೊಡ್ಡ ದೊಡ್ಡ ಗಾಯಕರನ್ನು ಕೇಳುತ್ತ ಬಂದ ನಿಮ್ಮ ಕಿವಿ, 22ನೇ ವಯಸ್ಸಿನಲ್ಲಿ ಗುರುಗಳ ಮುಂದೆ ಕುಳಿತಿದ್ದ ಹುಡುಗಿಯ ಕಿವಿಗಿಂತ ಬಹಳ ಸೂಕ್ಷ್ಮವಾಗಿದೆ. ಗಂಟಲು ಮಾತ್ರ ಅಂದು ಬಿಟ್ಟಲ್ಲಿಯೇ ಇದೆ, ಖರೆ ಹೇಳಬೇಕೆಂದರೆ ಅಲ್ಲಿಂದಲೂ ಒಂದೆರಡು ಮೆಟ್ಟಿಲು ಕೆಳಗಿಳಿದಿದೆ. ಹೊಸದಾಗಿ ಕಲಿಯುವ ಮಗುವಿಗೆ ತಾನು ಹಚ್ಚಿದ ಗಾಂಧಾರ ಎಷ್ಟು ತಪ್ಪಿದೆ ಎಂಬುದು ಕೇಳಿಸುವುದೇ ಇಲ್ಲವಾದ್ದರಿಂದ ಅದು ಖುಷಿಯಿಂದ ಮುಂದುವರಿಯುತ್ತದೆ. ನಿಮಗೆ ಎಲ್ಲವೂ ಕೇಳಿಸುತ್ತದೆ. ಮರಳಿ ಬಂದವರಲ್ಲಿ ಹೆಚ್ಚಿನವರು ಮತ್ತೆ ಬಿಟ್ಟುಹೋಗುವುದು ಈ ಅಂತರವನ್ನು ತಾಳಲಾರದೆ ಎಂಬುದು ಮೂವತ್ತು ವರ್ಷ ಕಲಿಸಿದ ಮೇಲೆ ನನಗಾದ ತಿಳಿವಳಿಕೆ. ಧ್ವನಿ ಹೋಯಿತು ಎಂದು ಅವರು ಹೇಳುತ್ತಾರೆ, ಆದರೆ ಧ್ವನಿ ಹೋಗಿರುವುದಿಲ್ಲ.

ನನಗೂ ಇದು ಆಗಿದೆ. ಇಪ್ಪತ್ತೈದರ ಸುಮಾರಿಗೆ ಮನೆಯ ಅಡಚಣೆಯಿಂದ ಹಾಡು ಬಿಟ್ಟು, ಸಿಂಧನೂರಿನ ಕಡೆ ಅಕ್ಕಿ ಗಿರಣಿಯೊಂದರಲ್ಲಿ ಏಳು ವರ್ಷ ಲೆಕ್ಕ ಬರೆದೆ. ತೌಡಿನ ಧೂಳು, ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡುವ ಅಭ್ಯಾಸ, ಇವೆರಡೂ ಗಂಟಲನ್ನು ಒರಟು ಮಾಡಿದ್ದವು. ಸಂಗೀತ ಶಿಕ್ಷಕನ ಕೆಲಸ ಸಿಕ್ಕು ಮರಳಿ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಬಿಟ್ಟ ದಿನ ಹಾಡಿದ್ದ ಅದೇ ತೋಡಿ ರಾಗವನ್ನು ಅದೇ ಶ್ರುತಿಯಲ್ಲಿ, ಅದೇ ದ್ರುತ ತಾನುಗಳೊಂದಿಗೆ, ಅಂದರೆ ವೇಗದ ಸ್ವರಸರಣಿಗಳೊಂದಿಗೆ, ಹಾಡಲು ಹೊರಟದ್ದು. ಎಂಟನೆಯ ದಿನಕ್ಕೆ ಮಾತನಾಡಲಿಕ್ಕೂ ಧ್ವನಿ ಇರಲಿಲ್ಲ. ಮೂರು ವಾರ ಸುಮ್ಮನೆ ಕುಳಿತೆ. ಆದ್ದರಿಂದ ನಾನು ನಿಮಗೆ ಮೊದಲು ಹೇಳುವುದು ಒಂದು ನಿಷೇಧ: ಯಾವ ರಾಗದಲ್ಲಿ ಬಿಟ್ಟಿದ್ದಿರೋ ಆ ರಾಗವನ್ನು ಕನಿಷ್ಠ ಆರು ತಿಂಗಳು ಮುಟ್ಟಬೇಡಿ. ಅದರಲ್ಲಿ ನಿಮ್ಮ ಹಳೆಯ ಧ್ವನಿಯ ನೆನಪು ಕುಳಿತಿದೆ, ಪ್ರತಿ ಸ್ವರದಲ್ಲೂ ನೀವು ಅದರೊಂದಿಗೆ ತೂಗಿ ನೋಡುತ್ತೀರಿ.

ಈಗ ಶ್ರುತಿಯ ವಿಷಯ. ಕರಿ ಐದು ಎಂದರೆ ಷಡ್ಜ ಸೆಕೆಂಡಿಗೆ ಸುಮಾರು 233 ಕಂಪನಗಳ ಹತ್ತಿರ, ತಾರ ಷಡ್ಜ ಅದರ ಎರಡರಷ್ಟು, ಅಂದರೆ 466. ನಲವತ್ತೈದರ ಆಸುಪಾಸಿನಲ್ಲಿ ಹೆಣ್ಣುಮಕ್ಕಳ ದೇಹದಲ್ಲಿ ಹಾರ್ಮೋನುಗಳು ಬದಲಾಗುತ್ತ ಹೋದಂತೆ ಧ್ವನಿತಂತುಗಳು ತುಸು ದಪ್ಪವಾಗಿ ಧ್ವನಿ ಕೆಳಗಿಳಿಯುವುದು ಸಹಜ. ಇದರ ಜೊತೆಗೆ, ಬಳಸದ ಸ್ನಾಯು ಮೇಲಿನ ಸ್ವರಗಳಿಗೆ ಬೇಕಾದ ಬಿಗಿತವನ್ನು ಹಿಡಿದಿಟ್ಟುಕೊಳ್ಳಲಾರದು. ನೀವು ಬಿಳಿ ಐದಕ್ಕೆ ಇಳಿಯಿರಿ. ಅದು ಕೇವಲ ಮೂರು ಅರ್ಧಸ್ವರ ಕೆಳಗೆ, ಆದರೆ ತಾರ ಷಡ್ಜ 466ರಿಂದ 392ಕ್ಕೆ ಬರುತ್ತದೆ, ಇಂದು ಒಡೆಯುತ್ತಿರುವ ಸ್ವರ ನಾಳೆ ಕೈಗೆಟುಕುತ್ತದೆ. ಶ್ರುತಿ ಇಳಿಸುವುದನ್ನು ಸೋಲು ಎಂದು ತಿಳಿಯುವ ರೂಢಿ ನಮ್ಮಲ್ಲಿ ಎಲ್ಲಿಂದ ಬಂದಿತೋ ನನಗೆ ಅರ್ಥವಾಗಿಲ್ಲ. ಗಂಗೂಬಾಯಿ ಹಾನಗಲ್ಲರ ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣುಧ್ವನಿ ಇದೆ. ಗಂಟಲಿನ ಚಿಕಿತ್ಸೆಯ ನಂತರ ಆ ಧ್ವನಿ ಭಾರವಾಗಿ ಕೆಳಗಿಳಿಯಿತು, ಮತ್ತು ಇಂದು ನಾವೆಲ್ಲ ಗಂಗೂಬಾಯಿಯವರ ಧ್ವನಿ ಎಂದು ಗುರುತಿಸುವುದು ಆ ಇಳಿದ ಧ್ವನಿಯನ್ನೇ. ಅವರು ಮೇಲಿನ ಸಪ್ತಕಕ್ಕಾಗಿ ಹಲುಬುತ್ತ ಕೂರದೆ ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಕಡೆಗೆ ಕೆಲಸ ಮಾಡಿದರು.

ನಿಮ್ಮ ಪ್ರಶ್ನೆಯಲ್ಲಿ ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಇದೆ. ಬ್ಯಾಂಕು ಬಿಟ್ಟು ಶಾಲೆಗೆ ಬಂದಾಗ ನಿಮಗೆ ಸಂಜೆಯ ಹೊತ್ತು ಸಿಕ್ಕಿತು, ಆದರೆ ಕಂಠವನ್ನು ದಿನವಿಡೀ ದುಡಿಸುವ ಕೆಲಸವೂ ಅದರೊಂದಿಗೇ ಬಂತು. ನೀವು ಗಣಿತದವರಾದ್ದರಿಂದ ಲೆಕ್ಕದಲ್ಲಿಯೇ ಹೇಳುತ್ತೇನೆ. ಹೆಂಗಸರು ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಒಂದಕ್ಕೊಂದು ತಾಗುತ್ತವೆ. ದಿನಕ್ಕೆ 40 ನಿಮಿಷದ ಐದು ಪಿರಿಯಡ್ ಇದ್ದು, ಪ್ರತಿಯೊಂದರಲ್ಲೂ ಅರ್ಧ ಹೊತ್ತು ನಿಮ್ಮ ಧ್ವನಿ ನಡೆಯುತ್ತದೆ ಎಂದುಕೊಂಡರೂ ಒಟ್ಟು 6,000 ಸೆಕೆಂಡು, ಅಂದರೆ 12 ಲಕ್ಷ ತಾಗುಗಳು. ಇಷ್ಟು ದುಡಿದ ಗಂಟಲನ್ನು ಮನೆಗೆ ತಂದು, ಚಹಾ ಕುಡಿದು, ಆರು ಗಂಟೆಗೆ ತಾರ ಷಡ್ಜ ಕೇಳಿದರೆ ಅದು ಕೊಡದು. ಆದ್ದರಿಂದ ನಿಮ್ಮ ರಿಯಾಜಿನ, ಅಂದರೆ ಅಭ್ಯಾಸದ, ಹೊತ್ತು ಬೆಳಗಿನದಾಗಲಿ. ನಮ್ಮ ಊರಿನ ಬಿಸಿಲಿಗೂ ಅದೇ ಸರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಸಂಜೆಗಳಲ್ಲಿ ಫ್ಯಾನಿನ ಒಣಗಾಳಿಯಡಿ ಕುಳಿತು ಹಾಡುವುದಕ್ಕಿಂತ ಬೆಳಗಿನ ಐದೂವರೆಗೆ ಕಿಟಕಿ ತೆರೆದು ಕೂರುವುದು ಎಷ್ಟೋ ಮೇಲು. ಸಂಜೆಯನ್ನು ಕೇಳುವುದಕ್ಕೆ, ಬಂದಿಶು (ರಾಗದಲ್ಲಿ ಕಟ್ಟಿದ ಹಾಡು) ಬರೆದುಕೊಳ್ಳುವುದಕ್ಕೆ, ಕೈಯಲ್ಲಿ ತಾಳ ಹಾಕುತ್ತ ಮನಸ್ಸಿನಲ್ಲಿ ಹಾಡಿಕೊಳ್ಳುವುದಕ್ಕೆ ಇಟ್ಟುಕೊಳ್ಳಿ.

ತರಗತಿಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕು ಬಳಸಲು ಸಂಕೋಚಪಡಬೇಡಿ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ ಕೂಗಿ ಹೇಳುವುದನ್ನು ನಿಲ್ಲಿಸಿ. ಬರೆದು ಮುಗಿಸಿ ತಿರುಗಿ ನಿಂತು ಹೇಳಿ. ಸಂಗೀತ ಬಲ್ಲವರೆಂದು ತಿಳಿದರೆ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳನ್ನು ಹಾಡಿಸುವ ಹೊಣೆ ನಿಮ್ಮ ತಲೆಗೇ ಬರುತ್ತದೆ, ಆಗ ಮಕ್ಕಳ ಎತ್ತರದ ಶ್ರುತಿಯಲ್ಲಿ ಅವರೊಂದಿಗೆ ಗಂಟಲು ಹರಿದುಕೊಳ್ಳದೆ ಮೊದಲ ಸಾಲು ಹಚ್ಚಿಕೊಟ್ಟು ಸುಮ್ಮನಾಗಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಚಾಳಿ ಇದ್ದರೆ ಅದರ ಬದಲು ಒಂದು ಗುಟುಕು ನೀರು ನುಂಗಿ. ಕುಡಿದ ನೀರು ಧ್ವನಿತಂತುಗಳ ಮೇಲೆ ಹರಿಯುವುದಿಲ್ಲ, ಅನ್ನನಾಳದಲ್ಲಿ ಇಳಿದು ಮೈಗೆ ಸೇರಿ ಆಮೇಲೆ ಅವುಗಳಿಗೆ ತಲುಪುತ್ತದೆ, ಆದ್ದರಿಂದ ಹಾಡುವ ಮುನ್ನ ಒಂದು ಲೋಟ ಕುಡಿದರೆ ಸಾಲದು, ಹಿಂದಿನ ದಿನದಿಂದಲೇ ಕುಡಿದಿರಬೇಕು. ರಾತ್ರಿ ಹತ್ತಕ್ಕೆ ಮಂಡಾಳ ವಗ್ಗರಣಿ, ಮಿರ್ಚಿ ತಿಂದು ಮಲಗಿದರೆ ಹುಳಿ ಗಂಟಲಿಗೆ ಏರಿ ಬೆಳಗಿನ ಷಡ್ಜ ಗೊಗ್ಗರಾಗುತ್ತದೆ. ಇದನ್ನು ರಾಯಚೂರಿನವನಾಗಿ ಹೇಳುವುದು ನನಗೂ ಕಷ್ಟವೇ. ಇಷ್ಟೆಲ್ಲ ಮಾಡಿಯೂ ಗೊಗ್ಗರು ಮೂರು ವಾರ ದಾಟಿ ಉಳಿದರೆ, ಅಥವಾ ಹಾಡುವಾಗ ನೋವೆನಿಸಿದರೆ, ರಿಯಾಜು ನಿಲ್ಲಿಸಿ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಶಿಕ್ಷಕರಲ್ಲಿ ಧ್ವನಿತಂತುಗಳ ಮೇಲೆ ಗಂಟು ಮೂಡುವುದು ಅಪರೂಪವಲ್ಲ, ಗಂಟಿನ ಮೇಲೆ ರಿಯಾಜು ಮಾಡಿದರೆ ಅದು ಬಲಿಯುತ್ತದೆ.

ರಿಯಾಜಿನ ಕ್ರಮಕ್ಕೆ ಬರುತ್ತೇನೆ. ದಿನಕ್ಕೆ ಇಪ್ಪತ್ತೈದು ನಿಮಿಷ ಸಾಕು, ಆದರೆ ವಾರದಲ್ಲಿ ಆರು ದಿನ. ಭಾನುವಾರ ಮೂರು ತಾಸು ಕುಳಿತು ಉಳಿದ ದಿನ ಸುಮ್ಮನಿರುವುದು ಗಂಟಲಿಗೆ ಏಟು ಕೊಟ್ಟಂತೆ. ಮೊದಲ ಐದು ನಿಮಿಷ ಬಾಯಿ ಮುಚ್ಚಿ ಗುಂಯ್‌ಗುಡಿ, ಇಲ್ಲವೇ ತೆಳುವಾದ ಸ್ಟ್ರಾ ಒಂದನ್ನು ತುಟಿಯಲ್ಲಿ ಹಿಡಿದು ಅದರೊಳಗೆ ಸ್ವರ ಊದುತ್ತ ಷಡ್ಜದಿಂದ ಪಂಚಮಕ್ಕೆ ಜಾರಿ ಇಳಿಯಿರಿ. ಸ್ಟ್ರಾದ ಇಕ್ಕಟ್ಟಿನಲ್ಲಿ ಹಿಂದೊತ್ತುವ ಗಾಳಿ ತಂತುಗಳನ್ನು ತುಸು ಅಗಲಿಸಿ ಹಿಡಿಯುವುದರಿಂದ ಅವು ಬಡಿದುಕೊಳ್ಳದೆ ಮೃದುವಾಗಿ ತಾಗುತ್ತವೆ, ಹೀಗಾಗಿ ಪಾಠ ಹೇಳಿ ದಣಿದ ಗಂಟಲಿಗೂ ಇದು ಹಿತ. ಆಮೇಲೆ ಖರ್ಜ, ಅಂದರೆ ಕೆಳಗಿನ ಸ್ವರಗಳ ಅಭ್ಯಾಸ. ಮಧ್ಯ ಷಡ್ಜದಲ್ಲಿ ಉಸಿರು ಮುಗಿಯುವ ಮುನ್ನವೇ ನಿಲ್ಲುವಂತೆ ಹಿಡಿದು, ಮಂದ್ರ ನಿಷಾದ, ಧೈವತ, ಪಂಚಮದವರೆಗೆ ಒಂದೊಂದಾಗಿ ಇಳಿಯಿರಿ. ಪಂಚಮದಿಂದ ಕೆಳಗೆ ಮೊದಲ ತಿಂಗಳು ಹೋಗಬೇಡಿ. ಒತ್ತಿ ತೆಗೆದ ಮಂದ್ರ, ಒತ್ತಿ ತೆಗೆದ ತಾರದಷ್ಟೇ ಕೆಟ್ಟದ್ದು. ಉಳಿದ ಹೊತ್ತಿನಲ್ಲಿ ಮೂರು ಸ್ವರದ, ನಾಲ್ಕು ಸ್ವರದ ಪಲ್ಟೆಗಳನ್ನು (ಏರಿಳಿಯುವ ಸ್ವರಗುಚ್ಛಗಳನ್ನು) 'ಆ' ಎನ್ನುತ್ತ ವಿಲಂಬವಾಗಿ ಹಾಡಿ, ಮೇಲೆ ಧೈವತಕ್ಕೆ ನಿಲ್ಲಿಸಿ. ಎರಡು ತಿಂಗಳು ತಾರ ಷಡ್ಜದ ಹೆಸರನ್ನೇ ಎತ್ತಬೇಡಿ. ಮಂದ್ರದಲ್ಲಿ ಬುಡ ಗಟ್ಟಿಯಾದರೆ ಮೇಲಿನದು ತಾನಾಗಿ ತೆರೆಯುತ್ತದೆ ಎಂದು ಹಳಬರು ಹೇಳುತ್ತಿದ್ದ ಮಾತನ್ನು ನಾನು ಮೊದಲು ನಂಬಿರಲಿಲ್ಲ, ಈಗ ಅದನ್ನೇ ಕಲಿಸುತ್ತಿದ್ದೇನೆ.

ಮೂರನೆಯ ತಿಂಗಳು ಭೂಪಾಲಿ ರಾಗ ಹಿಡಿಯಿರಿ. ಐದೇ ಸ್ವರ, ಎಲ್ಲವೂ ಶುದ್ಧ, ಗಾಂಧಾರ ವಾದಿ, ಅಂದರೆ ರಾಗದ ಮುಖ್ಯ ಸ್ವರ, ಧೈವತ ಸಂವಾದಿ, ಅಂದರೆ ಅದರ ನಂತರದ ಮುಖ್ಯ ಸ್ವರ. ಅದು ರಾತ್ರಿಯ ಮೊದಲ ಪ್ರಹರದ ರಾಗ, ನೀವು ಬೆಳಿಗ್ಗೆ ಹಾಡಿದರೆ ಯಾರೂ ದಂಡ ಹಾಕುವುದಿಲ್ಲ. ಅಭ್ಯಾಸಕ್ಕೆ ಸಮಯದ ಕಟ್ಟು ಬೇಡ ಎಂದೇ ನನ್ನ ಅಭಿಪ್ರಾಯ. ವಿಲಂಬಿತ ಏಕತಾಲಕ್ಕೆ ಕೈ ಹಾಕಬೇಡಿ, ಏಕೆಂದರೆ ಹನ್ನೆರಡು ಮಾತ್ರೆಯ ಆ ಒಂದು ಆವರ್ತನ ಅತಿ ವಿಲಂಬಿತದಲ್ಲಿ ನಿಮಿಷದ ಹತ್ತಿರ ಬರುತ್ತದೆ, ಅಷ್ಟು ಹೊತ್ತನ್ನು ತುಂಬುವ ಉಸಿರೂ ವಿಚಾರವೂ ನಿಮ್ಮಲ್ಲಿ ಇನ್ನೂ ಒಟ್ಟಿಗೆ ಬಂದಿಲ್ಲ. ಹತ್ತು ಮಾತ್ರೆಯ ಝಪ್‌ತಾಲದಲ್ಲೋ ಹದಿನಾರರ ತೀನ್‌ತಾಲದಲ್ಲೋ ಮಧ್ಯಲಯದ ಒಂದು ಬಂದಿಶು ಸಾಕು. ಅದನ್ನೇ ಮೂರು ತಿಂಗಳು ಹಾಡಿ.

ಇಲ್ಲಿ ಹಾರ್ಮೋನಿಯಂ ಬಗ್ಗೆ ಒಂದು ಎಚ್ಚರಿಕೆ. ಪೇಟಿಯ ಗಾಂಧಾರ, ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ. ಬಿಳಿ ಐದರಲ್ಲಿ ಷಡ್ಜ 196 ಕಂಪನವಾದರೆ ಅದರ ಒಂದೂಕಾಲರಷ್ಟಾದ ಶುದ್ಧ ಗಾಂಧಾರ 245, ಪೇಟಿಯದು ಸುಮಾರು 247. ಎರಡೇ ಕಂಪನದ ವ್ಯತ್ಯಾಸ ಎನ್ನಿಸಬಹುದು, ಆದರೆ ಭೂಪಾಲಿಯಲ್ಲಿ ಇಡೀ ರಾಗ ನಿಲ್ಲುವುದೇ ಆ ಸ್ವರದ ಮೇಲೆ, ಮತ್ತು ನಿಮ್ಮ ಬೆಳೆದ ಕಿವಿಗೆ ಅಲ್ಲಿ ಏನೋ ಕೂಡುತ್ತಿಲ್ಲ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ, ದೋಷ ನಿಮ್ಮ ಗಂಟಲಿನದೆಂದೇ ತಿಳಿಯುತ್ತೀರಿ. ಆದ್ದರಿಂದ ಮೊದಲ ಆರು ತಿಂಗಳು ಪೇಟಿ ಮುಚ್ಚಿಡಿ, ತಂಬೂರಿಯೊಂದೇ ಇರಲಿ.

ಬೇಸರಕ್ಕೆ ನಾನು ಕೊಡುವ ಮದ್ದು ಇದು. ವಾರಕ್ಕೊಮ್ಮೆ ಅದೇ ಪಲ್ಟೆ, ಅದೇ ಬಂದಿಶನ್ನು ಮೊಬೈಲಿನಲ್ಲಿ ಐದು ನಿಮಿಷ ಧ್ವನಿಮುದ್ರಿಸಿ ದಿನಾಂಕ ಹಾಕಿಡಿ, ಅಂದೇ ಕೇಳಬೇಡಿ. ಆರು ವಾರದ ನಂತರ ಮೊದಲನೆಯದನ್ನೂ ಆರನೆಯದನ್ನೂ ಒಂದರ ಹಿಂದೊಂದು ಕೇಳಿ. ದಿನದಿನದ ಗಂಟಲನ್ನು ಮಹಾಗಾಯಕರೊಂದಿಗೆ ತೂಗುತ್ತಿದ್ದ ಕಿವಿಗೆ ಆಗ ಹೊಸ ತಕ್ಕಡಿ ಸಿಗುತ್ತದೆ. ನನ್ನಲ್ಲಿಗೆ ನಿವೃತ್ತಿಯ ನಂತರ ಬಂದ ಬಸ್ ಕಂಡಕ್ಟರರೊಬ್ಬರು ಪ್ರತಿ ಪಾಠದಲ್ಲೂ "ನನ್ನ ಕೈಲಿ ಆಗೋದಿಲ್ರೀ" ಎನ್ನುತ್ತಿದ್ದರು; ಇದೇ ರೀತಿ ಎರಡು ಮುದ್ರಿಕೆ ಕೇಳಿಸಿದ ದಿನ ಏನೂ ಮಾತಾಡದೆ ಎದ್ದು ಹೋದರು, ಮರುದಿನ ಅರ್ಧ ತಾಸು ಮೊದಲೇ ಬಂದು ಬಾಗಿಲಲ್ಲಿ ಕುಳಿತಿದ್ದರು.

ವಿದ್ವತ್ ಪರೀಕ್ಷೆ ಈಗ ಬೇಡ. ಪರೀಕ್ಷೆ ಕೆಟ್ಟದ್ದೆಂದು ಹೇಳುತ್ತಿಲ್ಲ, ಸಂಗೀತ ಶಿಕ್ಷಕಿಯ ಹುದ್ದೆ ಬಯಸಿದ್ದರೆ ಅದರ ಅಗತ್ಯವೂ ಇರುತ್ತಿತ್ತು. ಆದರೆ ಪಠ್ಯಕ್ರಮ ರಾಗಗಳ ಸಂಖ್ಯೆಯನ್ನು ಕೇಳುತ್ತದೆ, ಪ್ರತಿಯೊಂದರ ಆರೋಹ, ಅವರೋಹ, ಪಕಡು (ರಾಗದ ಗುರುತಿನ ಸ್ವರಗುಚ್ಛ), ಬಂದಿಶು, ತಾನುಗಳನ್ನು ಕೇಳುತ್ತದೆ. ಬ್ಯಾಂಕಿನಲ್ಲಿ ಗುರಿ ಮುಟ್ಟಿಸಿ ಅಭ್ಯಾಸವಿರುವ ನೀವು ಪಟ್ಟಿ ಮಾಡಿ ಒಂದೊಂದಕ್ಕೇ ಗೆರೆ ಎಳೆಯುತ್ತ ಹೋಗುತ್ತೀರಿ, ವರ್ಷದ ಕೊನೆಗೆ ಹಲವು ರಾಗಗಳ ವಿವರ ಬಾಯಿಪಾಠವಾಗಿದ್ದು ಒಂದೂ ಗಂಟಲಿಗೆ ಇಳಿದಿರುವುದಿಲ್ಲ. ಎರಡು ವರ್ಷ ಕಳೆದ ಮೇಲೂ ಆಸೆ ಉಳಿದಿದ್ದರೆ ಕಟ್ಟಿ.

ಗುರು ಮಾತ್ರ ಬೇಕು. ಹೊಸ ಗುರುವನ್ನು ಹುಡುಕುವಾಗ ಹಳೆಯ ಗುರುಗಳ ನೆರಳನ್ನು ಹುಡುಕಬೇಡಿ, ನಿಮಗಿಂತ ಹದಿನೈದು ವರ್ಷ ಚಿಕ್ಕವರು ಸಿಕ್ಕರೂ ಸಂಕೋಚ ಬೇಡ. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಧ್ವನಿಮುದ್ರಿಕೆಗಳನ್ನೂ ಕೊಟ್ಟು ಹೆಸರಾದ ಮೇಲೆ, 1930ರ ದಶಕದಲ್ಲಿ ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರಲ್ಲಿ ಮುಂದುವರಿಸಿದರು. ಆನ್‌ಲೈನ್ ಪಾಠ ಆಲಾಪಕ್ಕೆ ನಡೆದೀತು, ಆದರೆ ಧ್ವನಿ ತಡವಾಗಿ ತಲುಪುವುದರಿಂದ ಗುರುವಿನ ಕೈಯ ತಾಳಕ್ಕೆ ನೀವು ಹಾಡುವುದು ಸಾಧ್ಯವಾಗದು, ಲಯ ಕಲಿಯಲು ಎದುರು ಕೂರಲೇಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ಸಾಕು. ಈ ನೆಲದಲ್ಲಿ ಗುರುಗಳಿಗೆ ತೀರಾ ಬರವಿಲ್ಲ. ನಮ್ಮ ಜಿಲ್ಲೆಯ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಗದುಗಿನ ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತು ಬಂದವರು, ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ, ಗದುಗಿನ ಗವಾಯಿಗಳ ಆಶ್ರಮದಲ್ಲಿ ಕಲಿತವರು ಇಂದಿಗೂ ನಮ್ಮ ಊರುಗಳಲ್ಲಿ ಪಾಠ ಹೇಳುತ್ತಿದ್ದಾರೆ.

ಯಾರ ಮುಂದೆ ಹಾಡಬೇಕು ಎಂದು ನೀವು ಕೇಳಿಲ್ಲ, ಆದರೆ ಆರೇಳು ತಿಂಗಳಿಗೆ ಆ ಪ್ರಶ್ನೆ ಬರುತ್ತದೆ. ವೇದಿಕೆಗೆ ಆತುರಪಡದೆ ಭಜನೆಯ ಮೇಳಕ್ಕೆ ಹೋಗಿ. ಮಾನ್ವಿಯ ಜಗನ್ನಾಥದಾಸರ, ಚೀಕಲಪರ್ವಿಯ ವಿಜಯದಾಸರ ಜಿಲ್ಲೆ ನಮ್ಮದು, ಗುರುವಾರ ಸಂಜೆ ದಾಸರ ಪದ ಕೇಳದ ಓಣಿ ಕಡಿಮೆ. ಅಮಾವಾಸ್ಯೆಯ ತತ್ವಪದದ ಭಜನೆಗಳೂ ಇವೆ. ಅಲ್ಲಿ ಒಬ್ಬರು ನುಡಿ ಹಾಡಿದರೆ ಹತ್ತು ಮಂದಿ ಎತ್ತಿಕೊಳ್ಳುತ್ತಾರೆ, ನಿಮ್ಮ ಉಸಿರಿಗೆ ಬಿಡುವು ಸಿಗುತ್ತದೆ, ಒಂದು ಸ್ವರ ತಪ್ಪಿದರೆ ತಾಳದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಒಂದೇ ತೊಂದರೆಯೆಂದರೆ ಪೇಟಿ ಹಿಡಿದವರು ಗಂಡಸರ ಶ್ರುತಿಗೋ ತಮ್ಮ ಉತ್ಸಾಹಕ್ಕೋ ತಕ್ಕಂತೆ ಷಡ್ಜ ಇಡುತ್ತಾರೆ. ಅದು ನಿಮಗೆ ಒಗ್ಗದ ದಿನ ತಾಳ ಹಾಕುತ್ತ ಕುಳಿತುಕೊಳ್ಳಿ, ಕೂಗಿ ಸೇರಿಸಲು ಹೋಗಬೇಡಿ.

ಕೊನೆಗೆ ತಂಬೂರಿ. ಮೊಬೈಲಿನದರಿಂದ ನಾಳೆಯೇ ಆರಂಭಿಸಿ, ದುರಸ್ತಿ ಆಗಲಿ ಎಂದು ಕಾಯಬೇಡಿ. ಆದರೆ ಅದರ ಸದ್ದನ್ನು ಫೋನಿನ ಪುಟ್ಟ ಸ್ಪೀಕರಿನಿಂದ ಕೇಳದೆ ಸ್ವಲ್ಪ ದೊಡ್ಡ ಸ್ಪೀಕರಿಗೆ ಜೋಡಿಸಿ, ಇಲ್ಲದಿದ್ದರೆ ಖರ್ಜವೇ, ಅಂದರೆ ಅತಿ ಕೆಳಗಿನ ಸ್ವರದ ತಂತಿಯೇ, ಕೇಳಿಸುವುದಿಲ್ಲ. ಅಟ್ಟದ ಮೇಲಿನ ತಂಬೂರಿಯನ್ನು ಇಳಿಸಿ ಮೊದಲು ಕುಂಬಳದ ಬುರುಡೆಯನ್ನು ನೋಡಿ. ಸಣ್ಣ ಬಿರುಕಿದ್ದರೆ ಕುಶಲಕರ್ಮಿಗಳು ಬೆಸೆಯುತ್ತಾರೆ. ತಂತಿಗಳನ್ನು ನಾಲ್ಕನ್ನೂ ಬದಲಿಸಿ, ಹಳೆಯದರಲ್ಲಿ ಒಂದನ್ನೂ ಉಳಿಸಿಕೊಳ್ಳಬೇಡಿ. ಖರ್ಜದ್ದು ಹಿತ್ತಾಳೆಯದು ಎಂಬುದನ್ನು ಮರೆಯಬೇಡಿ. ಬಿಳಿ ಐದಕ್ಕೆ ಇಳಿಯುವುದರಿಂದ ತಂತಿಯ ದಪ್ಪವೂ ಬದಲಾಗಬೇಕಾದೀತು, ಕೊಳ್ಳುವಾಗ ನಿಮ್ಮ ಶ್ರುತಿ ಹೇಳಿ. ಸೇತುವೆಯ (ತಂತಿಗಳನ್ನು ಹೊರುವ ಪಟ್ಟಿಯ) ಜವಾರಿ ತೆಗೆಸುವುದು, ಅಂದರೆ ಝೇಂಕಾರ ಬರುವಂತೆ ಅದರ ಮೇಲ್ಮೈಯನ್ನು ಉಜ್ಜಿ ಹದಗೊಳಿಸುವುದು, ಮಾತ್ರ ಬಲ್ಲವರ ಕೈಯಲ್ಲೇ ಆಗಬೇಕಾದ ಕೆಲಸ, ಅದಕ್ಕೆ ತಂಬೂರಿ ತಯಾರಿಕೆಗೆ ಹೆಸರಾದ ಮೀರಜಿನವರೆಗೆ ಹೋಗಬೇಕಾಗಿ ಬಂದರೂ ಬೇಸಿಗೆ ರಜೆಯಲ್ಲಿ ಹೋಗಿ ಬನ್ನಿ. ಬಸ್ಸಿನ ಮೇಲೆ ಹಾಕಬೇಡಿ, ತೊಡೆಯ ಮೇಲೆಯೇ ಇಟ್ಟುಕೊಳ್ಳಿ. ಮನೆಗೆ ತಂದ ಮೇಲೆ ಪಶ್ಚಿಮದ ಗೋಡೆಗೆ ಒರಗಿಸಬೇಡಿ, ನಮ್ಮ ಮೇ ತಿಂಗಳ ಬಿಸಿಲಿಗೆ ಆ ಗೋಡೆ ರಾತ್ರಿಯವರೆಗೂ ಕಾದಿರುತ್ತದೆ.